ಕೋಟು ಬೇಕೋ, ಟೀ-ಶರ್ಟು ಸಾಕೋ: ಮೊದಲು ಕಾಲು ನೋಡಿ

ಮಾನ್ಯ ಸಂಪಾದಕರೇ,

ಯಾವುದಾದರೂ ವಿಮಾನ ಸಂಸ್ಥೆ ಹೊಸ ಸಮವಸ್ತ್ರ ತಂದಾಗಲೆಲ್ಲ ಅದೇ ಜಗಳ. ಗಗನಸಖಿಯರು ಅಂದಮೇಲೆ ಕೋಟು, ಸ್ಕಾರ್ಫು, ಹೀಲ್ಸ್ ಇರಲೇಬೇಕು, ಇಲ್ಲದಿದ್ದರೆ ಗತ್ತೆಲ್ಲಿ ಎನ್ನುವವರು ಒಂದು ಕಡೆ. ದಿನವಿಡೀ ನಿಂತು ದುಡಿಯುವವರಿಗೆ ಪೋಲೊ ಟೀ-ಶರ್ಟು, ಸ್ನೀಕರ್ಸ್ ಕೊಟ್ಟು ಆರಾಮಾಗಿರಲು ಬಿಡಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಮಾತಾಡುವುದು ಫೋಟೊ ನೋಡಿಕೊಂಡು. ಫೋಟೊದಲ್ಲಿರುವವರು ನೆಟ್ಟಗೆ ನಿಂತಿರುತ್ತಾರೆ. ತಲೆಯ ಮೇಲಿನ ಲಗೇಜ್ ಬಿನ್ನಿಗೆ ಕೈ ಎತ್ತಿರುವುದಿಲ್ಲ, ಟ್ರಾಲಿಯ ತಳದ ಡ್ರಾಯರ್ ಎಳೆಯಲು ಕುಕ್ಕರಗಾಲಲ್ಲಿ ಕೂತಿರುವುದಿಲ್ಲ, ಜಂಪ್‌ಸೀಟಿನಲ್ಲಿ (ಸಿಬ್ಬಂದಿ ಕೂರುವ ಮಡಿಸುವ ಸೀಟು) ಬೆಲ್ಟು ಬಿಗಿದುಕೊಂಡಿರುವುದೂ ಇಲ್ಲ.

ಸಮವಸ್ತ್ರವನ್ನು ಇಡಿಯಾಗಿ ತೂಗಿ ಇದು ಫಾರ್ಮಲ್, ಅದು ಕ್ಯಾಶುವಲ್ ಎಂದು ಚೀಟಿ ಅಂಟಿಸುವುದರಿಂದಲೇ ಈ ಚರ್ಚೆ ದಾರಿ ತಪ್ಪುತ್ತಿದೆ. ಪಾದಕ್ಕೆ ಒಂದು ಉತ್ತರ, ಸೊಂಟಕ್ಕೆ ಒಂದು, ಕತ್ತಿಗೆ ಒಂದು, ಬಟ್ಟೆಯ ನೂಲಿಗೆ ಮತ್ತೊಂದು. ಕೆಲವು ಕಡೆ ಕ್ಯಾಶುವಲ್ ಗೆಲ್ಲುತ್ತದೆ. ಕೆಲವು ಕಡೆ ಅಜ್ಜನ ಕಾಲದ ಉಣ್ಣೆ ಕೋಟೇ ವಾಸಿ.

ಈ ಇಬ್ಬಗೆ ಹೊಸದೇನೂ ಅಲ್ಲ. 1930ರ ಮೇ 15ರಂದು ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ವಿಮಾನದಲ್ಲಿ ಮೊದಲ ಗಗನಸಖಿಯಾಗಿ ಹಾರಿದ ಎಲೆನ್ ಚರ್ಚ್ ವೃತ್ತಿಯಿಂದ ನರ್ಸ್. ಆ ಮೊದಲ ತಂಡದ ಎಂಟು ಮಂದಿಗೂ ನೆಲದ ಮೇಲೆ ಹಸಿರು ಉಣ್ಣೆಯ ಸೂಟು, ಮೇಲೊಂದು ಕೇಪು; ಆಕಾಶದಲ್ಲಿ ನರ್ಸ್ ಮೇಲಂಗಿ. ಜನರೆದುರು ಕಾಣಿಸಿಕೊಳ್ಳಲು ಒಂದು ಬಟ್ಟೆ, ಕೆಲಸಕ್ಕೆ ಇನ್ನೊಂದು. ಮುಂದೆ ಜಾಹೀರಾತಿನವರು ಈ ವ್ಯವಹಾರಕ್ಕೆ ಕೈಹಾಕಿದರು. 1965ರಲ್ಲಿ ಅಮೆರಿಕದ ಬ್ರಾನಿಫ್ ವಿಮಾನ ಸಂಸ್ಥೆ ಇಟಲಿಯ ವಿನ್ಯಾಸಕ ಎಮಿಲಿಯೊ ಪುಚ್ಚಿಯಿಂದ ಪದರಪದರವಾಗಿ ಕಳಚಬಹುದಾದ ಬಣ್ಣಬಣ್ಣದ ಉಡುಪು ಮಾಡಿಸಿತು, 1970ರ ದಶಕದ ಆರಂಭದಲ್ಲಿ ಸೌತ್‌ವೆಸ್ಟ್ ಹಾಟ್‌ಪ್ಯಾಂಟ್ ತೊಡಿಸಿತು. ತುಂಡು ಚಡ್ಡಿಯನ್ನು ಕ್ಯಾಶುವಲ್ ಅನ್ನಬೇಕೋ ಏನನ್ನಬೇಕೋ, ಆರಾಮ ಎಂದು ಮಾತ್ರ ಅನ್ನಲಾಗದು.

ಈಗ ಕಾಲಿನ ವಿಷಯ. ಇದರಲ್ಲಿ ನನಗೆ ಎರಡು ಮಾತಿಲ್ಲ: ಹೀಲ್ಸ್ ಹೋಗಬೇಕು. 44ಕ್ಕಿಂತ ಹೆಚ್ಚು ಸೀಟಿನ ವಿಮಾನಕ್ಕೆ ಮಾನ್ಯತೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲು ಮಾತ್ರ ತೆರೆದು, ಕತ್ತಲಲ್ಲಿ, ಎಲ್ಲರನ್ನೂ 90 ಸೆಕೆಂಡಿನೊಳಗೆ ಇಳಿಸಿ ತೋರಿಸಬೇಕು. ತುರ್ತಿನಲ್ಲಿ ಜನ ಜಾರಿ ಇಳಿಯುವ, ಗಾಳಿ ತುಂಬಿದ ಸ್ಲೈಡಿನ ಬಾಯಲ್ಲಿ ನಿಂತ ಸಿಬ್ಬಂದಿ ಆಗ ಪ್ರಯಾಣಿಕರಿಗೆ ಹೇಳುವ ಮಾತುಗಳಲ್ಲಿ ‘ಹೈಹೀಲ್ಸ್ ಬಿಚ್ಚಿ’ ಎನ್ನುವುದೂ ಒಂದು. ಹಾಗೆ ಕೂಗುವವರ ಕಾಲಲ್ಲೇ ಹೀಲ್ಸ್! ಲೆಕ್ಕ ಹಾಕಿದರೆ 55 ಕಿಲೊ ತೂಕದವರ ಭಾರವೆಲ್ಲ ಒಂದು ಚದರ ಸೆಂಟಿಮೀಟರ್ ಅಗಲದ ಚೂಪು ಹಿಮ್ಮಡಿಯ ಮೇಲೆ ಬಿದ್ದರೆ ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ 55 ಕಿಲೊ. ಅದೇ ಚಪ್ಪಟೆ ಹಿಮ್ಮಡಿಯಾದರೆ ಸುಮಾರು 2 ಕಿಲೊ. ಸ್ಲೈಡಿನ ಬಟ್ಟೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಎಷ್ಟೋ ಕಡೆ ಎರಡು ಜೊತೆ ಶೂ ಪದ್ಧತಿ ಇದೆ. ಟರ್ಮಿನಲ್‌ನಲ್ಲಿ ನಡೆಯುವಾಗ ಹೀಲ್ಸ್, ವಿಮಾನದೊಳಗೆ ಚಪ್ಪಟೆ ಶೂ. ಕೇಳಲು ಚೆನ್ನ. ಆದರೆ ಬದಲಾಯಿಸುವುದು ಯಾವಾಗ? ಸೀಟ್‌ಬೆಲ್ಟ್ ದೀಪ ಆರಿದ ಮೇಲೆ ಬದಲಾಯಿಸಿ, ಇಳಿಯುವ ಮೊದಲು ಮತ್ತೆ ಹೀಲ್ಸ್ ಹಾಕಿಕೊಳ್ಳುವ ರೂಢಿಯಾದರೆ ಅದಕ್ಕಿಂತ ತಲೆಕೆಳಗಾದ ಏರ್ಪಾಡು ಇನ್ನೊಂದಿಲ್ಲ. ಹಾರಾಟದ ಮೊದಲ 3 ನಿಮಿಷ, ಕೊನೆಯ 8 ನಿಮಿಷ ಮೈಯೆಲ್ಲ ಕಣ್ಣಾಗಿರಬೇಕೆಂದು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಸರಿಯಾಗಿ ಆ ಹನ್ನೊಂದು ನಿಮಿಷ ಕಾಲಲ್ಲಿ ಹೀಲ್ಸ್ ಇರುತ್ತದೆ. ಎರಡು ಜೊತೆ ಇರಲೇಬೇಕೆಂದರೆ ನಿಯಮ ಹೀಗಿರಲಿ: ಮೊದಲ ಪ್ರಯಾಣಿಕ ಹತ್ತುವ ಮೊದಲು ಚಪ್ಪಟೆ ಶೂ ಹಾಕಬೇಕು, ಕೊನೆಯ ಪ್ರಯಾಣಿಕ ಇಳಿದ ಮೇಲೆಯೇ ಬಿಚ್ಚಬೇಕು.

ಜಪಾನ್ ಏರ್‌ಲೈನ್ಸ್ 2020ರ ಏಪ್ರಿಲ್‌ನಲ್ಲಿ ಹೀಲ್ಸ್ ಕಡ್ಡಾಯ ಕೈಬಿಟ್ಟು ಪ್ಯಾಂಟಿಗೂ ಅವಕಾಶ ಕೊಟ್ಟಿತು. ಉಕ್ರೇನಿನ ಸ್ಕೈಅಪ್ 2021ರಲ್ಲಿ ಹೀಲ್ಸ್, ಪೆನ್ಸಿಲ್ ಸ್ಕರ್ಟು ಬಿಟ್ಟು ಕಿತ್ತಳೆ ಬಣ್ಣದ ಪ್ಯಾಂಟ್‌ಸೂಟು, ಸ್ನೀಕರ್ಸ್‌ಗೆ ಬಂತು. 2022ರಲ್ಲಿ ಹಾರಾಟ ಶುರುಮಾಡಿದ ಆಕಾಶ ಏರ್ ಮೊದಲ ದಿನದಿಂದಲೇ ಸ್ನೀಕರ್ಸ್ ಕೊಟ್ಟಿತು. ಒಳ್ಳೆಯದೇ. ಆದರೆ ಸ್ನೀಕರ್ಸ್ ಪಕ್ಷದವರಿಗೂ ಒಂದು ಮಾತು. ಓಟಗಾರರ ಶೂಗಳ ಮೇಲ್ಭಾಗ ಜಾಲರಿಯಂಥ ಹೆಣೆದ ಬಟ್ಟೆ. ಕ್ಯಾಬಿನ್ ಒತ್ತಡದಲ್ಲಿ ನೀರು 100ಕ್ಕಲ್ಲ, ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಕಾಫಿ ಜಗ್ಗು ವಾಲಿದಾಗ ಕಾಲು ಬೇಯಲು ಅಷ್ಟು ಸಾಕು. ಚರ್ಮದ ಶೂ ಮೇಲೆ ಬಿದ್ದ ಬಿಸಿನೀರು ಜಾರಿ ಕೆಳಗಿಳಿಯುತ್ತದೆ. ಜಾಲರಿ ಅದನ್ನು ಹೀರಿ ಕಾಲುಚೀಲಕ್ಕೆ ದಾಟಿಸಿ, ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಶೂ ಬಿಚ್ಚುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಆದ್ದರಿಂದ ಸ್ನೀಕರ್ಸ್ ಕೊಡಿ, ಮೇಲ್ಭಾಗ ಮಾತ್ರ ಮುಚ್ಚಿದ ಚರ್ಮದ್ದಿರಲಿ. ಮುಂಭಾಗ ಹಿಂಭಾಗ ಎರಡೂ ಮುಚ್ಚಿರಲಿ, ಅಡಿಗೆ ಒದ್ದೆ ನೆಲದಲ್ಲಿ ಜಾರದ ರಬ್ಬರ್ ಇರಲಿ, ಲೇಸಿನ ಬದಲು ಎಲಾಸ್ಟಿಕ್ ಇರಲಿ. ಅಡಿಯಲ್ಲಿ ಲೋಹದ ಪಟ್ಟಿ ಇರುವ ಶೂ ತಂದರೆ ಭದ್ರತಾ ತಪಾಸಣೆಯಲ್ಲಿ ದಿನವೂ ಕೀಂಯ್ ಅನ್ನುತ್ತದೆ, ಅದನ್ನೂ ನೋಡಿಕೊಳ್ಳಿ. ಗಾತ್ರ ಕೊಡುವಾಗ ಬೆಳಿಗ್ಗೆಯ ಪಾದ ಅಳೆದು ಕೊಡುತ್ತಾರೆ. ಎಂಟು ಗಂಟೆ ಹಾರಿದ ಮೇಲೆ ಪಾದ ಊದಿರುತ್ತದೆ. ಅಳತೆ ತೆಗೆಯಬೇಕಾದದ್ದು ಡ್ಯೂಟಿ ಮುಗಿದ ಸಂಜೆ.

ಕಾಲಿನ ವಿಷಯದಲ್ಲಿ ಕ್ಯಾಶುವಲ್ ಗೆದ್ದಿತು. ಬಟ್ಟೆಯ ನೂಲಿಗೆ ಬಂದರೆ ಪಂದ್ಯ ತಿರುಗುತ್ತದೆ.

ಪೋಲೊ ಟೀ-ಶರ್ಟು ಎಂದು ಕೊಡುವುದು ಬಹುಪಾಲು ಪಾಲಿಯೆಸ್ಟರ್. ಅದು ಸುಮಾರು 255 ಡಿಗ್ರಿಗೆ ಕರಗುತ್ತದೆ, ನೈಲಾನು ಬಗೆ ನೋಡಿಕೊಂಡು 220ರಿಂದ 260ರೊಳಗೆ. ಕರಗಿದ್ದು ಚರ್ಮಕ್ಕೆ ಅಂಟಿ ಅಲ್ಲೇ ಗಟ್ಟಿಯಾಗುತ್ತದೆ. ಸುಟ್ಟ ಗಾಯಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಕಿತ್ತು ತೆಗೆಯುವುದು ವೈದ್ಯರಿಗೂ ಕಷ್ಟ, ಗಾಯಾಳುವಿಗಂತೂ ನರಕ. ಉಣ್ಣೆ ಕರಗುವುದಿಲ್ಲ. ಬಟ್ಟೆ ಉರಿಯುತ್ತಲೇ ಇರಲು ಗಾಳಿಯಲ್ಲಿ ಕನಿಷ್ಠ ಎಷ್ಟು ಆಮ್ಲಜನಕ ಬೇಕು ಎಂದು ಅಳೆಯುವ ಒಂದು ಮಾಪನವಿದೆ. ಹತ್ತಿಗೆ ಶೇ 18 ಸಾಕು, ಉಣ್ಣೆಗೆ ಸುಮಾರು ಶೇ 25 ಬೇಕು. ನಾವು ಉಸಿರಾಡುವ ಗಾಳಿಯಲ್ಲಿರುವುದು ಶೇ 21. ಅಂದರೆ ಕಿಡಿ ದೂರವಾದೊಡನೆ ಉಣ್ಣೆ ತಾನಾಗಿ ಆರುತ್ತದೆ, ಹತ್ತಿ ಉರಿಯುತ್ತಲೇ ಇರುತ್ತದೆ. ಹೀಗಾಗಿ ಉಣ್ಣೆಯ ಫಾರ್ಮಲ್ ಕೋಟು ಹಾಕಿದವರು ಬೆಂಕಿಯ ಮುಂದೆ ಪಾಲಿಯೆಸ್ಟರ್ ಟೀ-ಶರ್ಟಿನವರಿಗಿಂತ ಎಷ್ಟೋ ಸುರಕ್ಷಿತ. ಅದೇ ಫಾರ್ಮಲ್ ಉಡುಪಿನ ಕೆಳಗಿರುವ ನೈಲಾನ್ ಸ್ಟಾಕಿಂಗ್ಸ್ ಈ ಲಾಭವನ್ನೆಲ್ಲ ಮೊಣಕಾಲಿನ ಕೆಳಗೆ ಕಳೆದುಬಿಡುತ್ತದೆ. ಬೆಂಕಿಯೇ ಬೇಕಿಲ್ಲ, ಸ್ಲೈಡಿನಲ್ಲಿ ಜಾರುವಾಗಿನ ಉಜ್ಜಾಟಕ್ಕೇ ಕಾಲು ತರಚಿಹೋಗುತ್ತದೆ.

ಹಾಗಿದ್ದರೆ ಸಂಸ್ಥೆಗಳು ಪಾಲಿಯೆಸ್ಟರ್ ಯಾಕೆ ಕೊಡುತ್ತವೆ? ಕಾರಣ ಹೋಟೆಲಿನ ಕೈತೊಳೆಯುವ ಬೇಸಿನ್ನು. ರಾತ್ರಿ ಹಿಂಡಿ ಒಣಹಾಕಿದರೆ ಬೆಳಿಗ್ಗೆ ಇಸ್ತ್ರಿಯ ಗೊಡವೆಯಿಲ್ಲದೆ ಹಾಕಿಕೊಳ್ಳಬಹುದು. ಉಣ್ಣೆ ಕೋಟಿಗೆ ಡ್ರೈಕ್ಲೀನಿಂಗ್ ಬೇಕು. ಈ ಅನುಕೂಲವನ್ನು ತಳ್ಳಿಹಾಕುವಂತಿಲ್ಲ. ಆದರೆ ಪಾಲಿಯೆಸ್ಟರಿನ ಎರಡು ದೋಷಗಳನ್ನು ಮಾರಾಟಗಾರರು ಹೇಳುವುದಿಲ್ಲ. ಬೆವರಿನ ಜಿಡ್ಡನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಎರಡು ಮೂರು ತಿಂಗಳಲ್ಲಿ ಒಗೆದರೂ ಹೋಗದ ಕಮಟು ವಾಸನೆ ಕಂಕುಳಲ್ಲಿ ನಿಲ್ಲುತ್ತದೆ. ಇನ್ನೊಂದು, ಕ್ಯಾಬಿನ್ ಗಾಳಿಯ ತೇವಾಂಶ ಶೇ 10ರಿಂದ 20 ಮಾತ್ರ. ಅಷ್ಟು ಒಣ ಗಾಳಿಯಲ್ಲಿ ಪಾಲಿಯೆಸ್ಟರ್ ವಿದ್ಯುತ್ ತುಂಬಿಕೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ, ಟ್ರಾಲಿಯ ಹಿಡಿ ಮುಟ್ಟಿದಾಗ ಚುರ್ ಅನ್ನಿಸುತ್ತದೆ.

ಇದಕ್ಕೆ ನಡುದಾರಿ ಇದೆ, ಅಂಗಡಿಯಲ್ಲಿ ಸಿಗುವ ವಸ್ತುವೇ. ಚದರ ಮೀಟರಿಗೆ 150ರಿಂದ 180 ಗ್ರಾಂ ತೂಗುವ ಮೆರಿನೊ ಕುರಿಯ ನಯವಾದ ಉಣ್ಣೆಯಲ್ಲಿ ಹೆಣೆದ ಪೋಲೊ. ಆಕಾರ ಟೀ-ಶರ್ಟಿನದು, ನೂಲು ಉಣ್ಣೆಯದು. ಬೇಸಿನ್ನಿನಲ್ಲಿ ತಣ್ಣೀರಲ್ಲಿ ಒಗೆಯಬಹುದು, ವಾಸನೆ ನಿಲ್ಲುವುದಿಲ್ಲ. ದುಬಾರಿ, ಮತ್ತು ಬ್ಯಾಗಿನ ಪಟ್ಟಿ ಉಜ್ಜುವ ಹೆಗಲ ಮೇಲೆ ಬೇಗ ಗುಂಜು ಏಳುತ್ತದೆ, ಇದನ್ನೂ ಹೇಳಿಬಿಡುತ್ತೇನೆ. ಹೆಗಲಿಗೆ ಅದೇ ಬಣ್ಣದ ಗಟ್ಟಿ ನೇಯ್ಗೆಯ ತುಂಡೊಂದನ್ನು ಹೊಲಿಸಿದರೆ ಆ ತೊಂದರೆ ಮುಕ್ಕಾಲು ಪಾಲು ಮುಗಿಯಿತು.

ಬಟ್ಟೆಯ ಮೇಲೆ ಬಳಿಯುವ ರಾಸಾಯನಿಕಗಳನ್ನೂ ಮರೆಯಬಾರದು. ಸುಕ್ಕಾಗದ, ಕಲೆ ಹಿಡಿಯದ ಗರಿಗರಿ ನೋಟ ಬೇಕೆಂದಷ್ಟೂ ಬಟ್ಟೆಗೆ ರಾಳ, ಲೇಪ, ಬಣ್ಣ ಹೆಚ್ಚು ತಿನ್ನಿಸಬೇಕಾಗುತ್ತದೆ. ಅಲಾಸ್ಕ ಏರ್‌ಲೈನ್ಸ್ 2011ರಲ್ಲಿ ಹೊಸ ಸಮವಸ್ತ್ರ ತಂದಮೇಲೆ ಸಿಬ್ಬಂದಿಯಲ್ಲಿ ದದ್ದು, ಉಸಿರಾಟದ ತೊಂದರೆಯ ದೂರುಗಳು ಏರಿದವು. ಹಾರ್ವರ್ಡ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಆ ಏರಿಕೆಗೂ ಸಮವಸ್ತ್ರಕ್ಕೂ ನಂಟು ತೋರಿಸಿತು. 2016ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನಲ್ಲೂ ಇದೇ ಗೋಳು, ಕೊನೆಗೆ ಅದು ಸಮವಸ್ತ್ರವನ್ನೂ ಪೂರೈಕೆದಾರರನ್ನೂ ಬದಲಿಸಬೇಕಾಯಿತು. ಮೈಗೆ ತಾಗುವ ಬಟ್ಟೆಯಲ್ಲಿ ಸುಕ್ಕು ತಡೆಯುವ ರಾಳದಿಂದ ಬರುವ ಫಾರ್ಮಾಲ್ಡಿಹೈಡ್ ಕಿಲೊಗೆ 75 ಮಿಲಿಗ್ರಾಂ ಮೀರಬಾರದು ಎಂಬ, ಬಟ್ಟೆಯ ಸುರಕ್ಷತೆಗೆ ಪ್ರಮಾಣಪತ್ರ ಕೊಡುವ ಓಕೊ-ಟೆಕ್ಸ್ ಮಿತಿಯನ್ನು ಟೆಂಡರಿನಲ್ಲೇ ಬರೆಯಬೇಕು. ಬರೆದರೆ ಸಾಲದು, ಬಂದ ಮಾಲಿನಿಂದ ಪ್ರತಿ ಬಣ್ಣದ, ಪ್ರತಿ ಕಂತಿನ ತುಂಡು ತೆಗೆದು ಪರೀಕ್ಷಿಸಬೇಕು. ಮಾದರಿ ಒಂದು ಗಿರಣಿಯದು, ಸರಕು ಇನ್ನೊಂದು ಗಿರಣಿಯದು ಆಗಿರುವುದುಂಟು.

ಕತ್ತಿನ ಸುತ್ತ ಏನಿರಬೇಕು ಎನ್ನುವುದು ಚಿಕ್ಕ ವಿಷಯ ಅನ್ನಿಸಬಹುದು. ಒಲೆಯಲ್ಲಿ ಹೊಗೆ ಎದ್ದಾಗ ಸಿಬ್ಬಂದಿ ತಲೆಗೆ ಹಾಕಿಕೊಳ್ಳುವ ಹೊಗೆ ಮುಸುಕು ಸುಮಾರು 15 ನಿಮಿಷ ಉಸಿರು ಕೊಡುತ್ತದೆ. ಅದರ ಕೆಳಗಡೆ ಕತ್ತಿಗೆ ಬಿಗಿಯಾಗಿ ಕೂರುವ ರಬ್ಬರ್ ಪಟ್ಟಿ ಇರುತ್ತದೆ. ಆ ಪಟ್ಟಿಗೂ ಚರ್ಮಕ್ಕೂ ನಡುವೆ ಸ್ಕಾರ್ಫಿನ ಗಂಟೋ, ನಿಂತ ಕಾಲರೋ, ಇಳಿಬಿದ್ದ ಕೂದಲೋ ಸಿಕ್ಕಿದರೆ ಹೊಗೆ ಒಳಗೆ ಬರುತ್ತದೆ. ದೊಡ್ಡ ಓಲೆ ಪಟ್ಟಿಯನ್ನೇ ಹರಿಯಬಹುದು. ಕೂದಲು ಎತ್ತಿ ಕಟ್ಟಬೇಕೆಂಬ ಹಳೇ ನಿಯಮಕ್ಕೆ ಚಂದದ ಆಚೆಗೂ ಅರ್ಥವಿರುವುದು ಇಲ್ಲಿ. ಸ್ಕಾರ್ಫು ಬೇಕೇ ಬೇಕೆಂದರೆ ಗಂಟು ಹಾಕುವಂಥದ್ದು ಬೇಡ. ಹಿಂದೆ ಒತ್ತುಗುಂಡಿ ಇದ್ದು ಎಳೆದರೆ ಕೈಗೆ ಬರುವಂಥದ್ದಿರಲಿ. ಕುಡಿದು ರೇಗಿದ ಪ್ರಯಾಣಿಕ ಮೊದಲು ಕೈಹಾಕುವುದು ಸ್ಕಾರ್ಫಿಗೆ ಅಥವಾ ಟೈಗೆ. ಗಂಡಸರ ಟೈ ಕೂಡ ಕ್ಲಿಪ್ಪಿನದ್ದೇ ಆಗಿರಬೇಕು. ಎದೆಯ ಮೇಲಿನ ಲೋಹದ ರೆಕ್ಕೆ ಬಿಲ್ಲೆ ಜಂಪ್‌ಸೀಟಿನ ಹೆಗಲ ಬೆಲ್ಟಿನಡಿ ಬರುವಂತೆ ಕೂತಿದ್ದರೆ ಜೋರಾಗಿ ನೆಲ ಮುಟ್ಟಿದಾಗ ಪಕ್ಕೆಗೆ ಒತ್ತುತ್ತದೆ. ದಾರದಲ್ಲಿ ಕಸೂತಿ ಮಾಡಿಸಿದರೆ ಮುಗಿಯಿತು.

ಸೊಂಟಕ್ಕೆ ಬರೋಣ. ಕ್ಯಾಬಿನ್ನಿನ ಒತ್ತಡವನ್ನು 8,000 ಅಡಿ ಎತ್ತರದ ಗಾಳಿಗೆ ಸಮವಾಗುವವರೆಗೆ ಇಳಿಸಲು ಅವಕಾಶವಿದೆ. ಅಲ್ಲಿ ಹೊಟ್ಟೆಯೊಳಗಿನ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ನೆಲದ ಮೇಲೆ ಸರಿಯಾಗಿ ಕೂತ ಸ್ಕರ್ಟಿನ ಪಟ್ಟಿ ಎರಡು ಗಂಟೆಯಲ್ಲಿ ಹೊಟ್ಟೆ ಕೊರೆಯತೊಡಗುತ್ತದೆ. ಮುಂದೆ ಚಪ್ಪಟೆ, ಎರಡೂ ಪಕ್ಕ ಒಳಗೆ ಎಲಾಸ್ಟಿಕ್ ಇಟ್ಟು 4ರಿಂದ 5 ಸೆಂಟಿಮೀಟರ್ ಹಿಗ್ಗುವಂತೆ ಹೊಲಿದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ, ನೋಟ ಫಾರ್ಮಲ್ಲಾಗಿಯೇ ಇರುತ್ತದೆ.

ಇನ್ನು ಟ್ರಾಲಿ. ಪಾನೀಯ ತುಂಬಿದ ದೊಡ್ಡ ಟ್ರಾಲಿ ನೂರು ಕಿಲೊ ಹತ್ತಿರ ತೂಗುತ್ತದೆ. ವಿಮಾನ ಸಮನಾಗಿ ಹಾರುತ್ತಿದೆ ಅನ್ನಿಸಿದರೂ ಮೂತಿ 2ರಿಂದ 3 ಡಿಗ್ರಿ ಮೇಲಕ್ಕಿರುತ್ತದೆ. ಹಿಂದಿನ ಗ್ಯಾಲಿಯಿಂದ (ವಿಮಾನದ ಅಡುಗೆಕೋಣೆ) ಮುಂದಕ್ಕೆ ತಳ್ಳುವುದೆಂದರೆ ಏರು ಹತ್ತಿಸಿದಂತೆ. ಇಳಿಜಾರೇ 4 ಕಿಲೊಗೂ ಮಿಕ್ಕಿ ಹಿಂದಕ್ಕೆ ಎಳೆಯುತ್ತಿರುತ್ತದೆ, ಚಕ್ರದ ಮೊಂಡುತನ ಬೇರೆ. ತಳ್ಳಲು ಒಂದು ಕಾಲು ಹಿಂದಕ್ಕೆ ಚಾಚಿ ಒತ್ತುಕೊಡಬೇಕು. ಪ್ರತಿ ಸಾಲಿಗೊಮ್ಮೆ ಕಾಲೆತ್ತಿ ಕೆಂಪು ಪೆಡಲ್ ಒತ್ತಿ ಬ್ರೇಕ್ ಹಾಕಬೇಕು, ಹಸಿರು ಒತ್ತಿ ಬಿಡಿಸಬೇಕು. ಪೆನ್ಸಿಲ್ ಸ್ಕರ್ಟಿನಲ್ಲಿ ಕಾಲು ಅಷ್ಟು ಚಾಚಲು ಬರುವುದಿಲ್ಲವಾದ್ದರಿಂದ ಕಾಲಿನ ಕೆಲಸವನ್ನು ಬೆನ್ನು ಮಾಡುತ್ತದೆ. ಸ್ಕರ್ಟಿನ ಹಿಂಬದಿಯ ಸೀಳು ಹರಿಯುವುದು ಯಾವಾಗಲೂ ತುದಿಯಿಂದಲ್ಲ, ಮೇಲಿನ ಮೂಲೆಯಿಂದ. ದರ್ಜಿ ಅಲ್ಲಿ ಅಡ್ಡಲಾಗಿ ಬಿಗಿ ಹೊಲಿಗೆ ಹಾಕದಿದ್ದರೆ ಹೊಸ ಸ್ಕರ್ಟೂ ವಾರದಲ್ಲಿ ಬಾಯಿ ಬಿಡುತ್ತದೆ. ಪ್ಯಾಂಟಿಗೂ ಅದರದೇ ರೋಗವಿದೆ, ಕುಕ್ಕರಗಾಲಲ್ಲಿ ಕೂತಾಗ ತೊಡೆಸಂದಿನ ಹೊಲಿಗೆ ಬಿಡುತ್ತದೆ. ಅಲ್ಲೊಂದು ವಜ್ರಾಕಾರದ ತುಂಡು ಸೇರಿಸಿ, ಬಟ್ಟೆಯಲ್ಲಿ ಶೇ 2ರಷ್ಟು ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಇಟ್ಟರೆ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಬಿಸಿ ಡ್ರೈಯರಿನಲ್ಲಿ ಜೀವ ಕಳೆದುಕೊಂಡು ಮೊಣಕಾಲು ಜೋಲುತ್ತದೆ.

ಶರ್ಟಿನದು ಇನ್ನೊಂದು ಕತೆ. ಬಿನ್ ಮುಚ್ಚಲು ಕೈ ಎತ್ತಿದೊಡನೆ ಶರ್ಟು ಸೊಂಟದಿಂದ ಕಿತ್ತು ಬರುತ್ತದೆ, ಕೆಳಗೆ ಕೂತವರ ಕಣ್ಣಿನ ಮಟ್ಟದಲ್ಲಿ ಹೊಟ್ಟೆ ಕಾಣುತ್ತದೆ. ಕ್ಯಾಶುವಲ್ ಟೀ-ಶರ್ಟಿನಲ್ಲಿ ಇದು ಇನ್ನೂ ಹೆಚ್ಚು, ಅದನ್ನು ಒಳಗೆ ಸಿಕ್ಕಿಸಿಯೇ ಇರುವುದಿಲ್ಲವಲ್ಲ. ಪರಿಹಾರ ಎರಡಕ್ಕೂ ಒಂದೇ: ಕಂಕುಳಲ್ಲಿ ತುಂಡು ಕೊಟ್ಟು ತೋಳು ಸಡಿಲಿಸಬೇಕು, ಉದ್ದ 8ರಿಂದ 10 ಸೆಂಟಿಮೀಟರ್ ಹೆಚ್ಚಿರಬೇಕು. ಗ್ಯಾಲಿಯಲ್ಲಿ ಒಲೆಯ ತಟ್ಟೆ ಎಳೆಯುವವರಿಗೆ ಅರ್ಧ ತೋಳು ಬೇಡ. ಮುಂಗೈಯಲ್ಲಿ ಗೆರೆಗೆರೆಯಾಗಿ ಸುಟ್ಟ ಗುರುತಿದ್ದರೆ ಅವರು ಅರ್ಧ ತೋಳಿನ ಸಮವಸ್ತ್ರದವರೆಂದು ಕಣ್ಣುಮುಚ್ಚಿ ಹೇಳಬಹುದು.

ಫಾರ್ಮಲ್ ಪರ ಇರುವ ಗಟ್ಟಿಯಾದ ವಾದ ಗತ್ತಿನದಲ್ಲ, ಗುರುತಿನದು. 50 ಸೀಟಿಗೆ ಒಬ್ಬರಂತೆ ಇರುವ ಸಿಬ್ಬಂದಿಯನ್ನು ಹೊಗೆಯಲ್ಲಿ, ತೂರಾಟದಲ್ಲಿ ಜನ ಒಂದೇ ನೋಟಕ್ಕೆ ಹಿಡಿಯಬೇಕು. 1990ರ ದಶಕದಲ್ಲಿ ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಂಶೋಧಕಿ ಹೆಲೆನ್ ಮ್ಯೂರ್ ತಂಡ ನಡೆಸಿದ ಪ್ರಯೋಗಗಳಲ್ಲಿ, ದನಿ ಎತ್ತರಿಸಿ ಜನರನ್ನು ಮುಂದಕ್ಕೆ ದೂಡುವ ಸಿಬ್ಬಂದಿ ಇದ್ದಾಗ ವಿಮಾನ ಬೇಗ ಖಾಲಿಯಾಗುತ್ತಿತ್ತು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಹೊತ್ತಿ ಉರಿದಾಗ ಒಳಗಿನ ಧ್ವನಿವರ್ಧಕ ಕೈಕೊಟ್ಟಿತ್ತು. ಮೆಗಾಫೋನು, ಗಂಟಲು ಎರಡನ್ನೇ ನಂಬಿ ಸಿಬ್ಬಂದಿ ಕೆಲಸ ಮಾಡಿದರು. 379 ಮಂದಿಯೂ ಹೊರಬಂದರು. ಕೂಗುತ್ತಿರುವವರು ಗಾಬರಿಬಿದ್ದ ಇನ್ನೊಬ್ಬ ಪ್ರಯಾಣಿಕರಲ್ಲ, ಸಿಬ್ಬಂದಿ ಎಂದು ಆಗ ಗೊತ್ತಾಗಬೇಕು. ಅರ್ಧ ಪ್ರಯಾಣಿಕರೇ ನೀಲಿ ಪೋಲೊದಲ್ಲಿರುವ ವಿಮಾನದಲ್ಲಿ ನೀಲಿ ಪೋಲೊ ತೊಟ್ಟ ಸಿಬ್ಬಂದಿ ಕರಗಿಹೋಗುತ್ತಾರೆ. ಎದೆಯ ಮೇಲಿನ ಬೆರಳುದ್ದದ ಲಾಂಛನ ಮೂರು ಸಾಲು ದಾಟಿದರೆ ಕಾಣದು. ಕೋಟೇ ಬೇಕೆಂದಿಲ್ಲ. ಕಾಲರು, ಹೆಗಲು, ತೋಳಿನ ಮೇಲ್ಭಾಗಕ್ಕೆ ಉಡುಪಿನ ಉಳಿದ ಬಣ್ಣಕ್ಕೂ ಸೀಟಿನ ಬಣ್ಣಕ್ಕೂ ಹೊಂದದ ಒಂದು ಗಾಢ ಪಟ್ಟಿ ಇದ್ದರೆ ಕೆಲಸವಾಗುತ್ತದೆ. ದೀಪ ಮಂದ ಮಾಡಿ, ಹತ್ತು ಸಾಲು ದೂರ ನಿಲ್ಲಿಸಿ, ಸಂಬಂಧವಿಲ್ಲದ ಯಾರಿಗಾದರೂ ‘ಸಿಬ್ಬಂದಿ ಯಾರು?’ ಎಂದು ಕೇಳಿ. ಮೂರು ಸೆಕೆಂಡಿನಲ್ಲಿ ಬೆರಳು ತೋರದಿದ್ದರೆ ವಿನ್ಯಾಸ ವಾಪಸ್.

ಲಿಪ್‌ಸ್ಟಿಕ್, ಉಗುರುಬಣ್ಣದ ಬಗ್ಗೆ ಹೆಚ್ಚು ಹೇಳಲಾರೆ. ವರ್ಜಿನ್ ಅಟ್ಲಾಂಟಿಕ್ 2019ರಲ್ಲಿ ಮೇಕಪ್ ಕಡ್ಡಾಯ ತೆಗೆದಮೇಲೂ ಅದರ ವಿಮಾನಗಳು ಹಾರುತ್ತಲೇ ಇವೆ.

ಹೇಳಲೇಬೇಕಾದ್ದು ಜೇಬಿನ ವಿಷಯ. ಟಾರ್ಚು, ಪೆನ್ನು, ಕೈಗವಸು, ಚೀಟಿ ಪುಸ್ತಕ ಎಲ್ಲವೂ ಮೈಮೇಲೆ ಇರಬೇಕಾದವರ ಸಮವಸ್ತ್ರದಲ್ಲಿ ಎಷ್ಟೋ ಸಲ ಜೇಬಿನ ಬಾಯಿ ಮಾತ್ರ ಇರುತ್ತದೆ, ಒಳಗೆ ಚೀಲವಿರುವುದಿಲ್ಲ. ಉಡುಪು ಉಬ್ಬಿ ಕಾಣಬಾರದಂತೆ! ಪ್ಯಾಂಟಿಗೆ 15 ಸೆಂಟಿಮೀಟರ್ ಆಳದ ಎರಡು ಜೇಬು, ಏಪ್ರನ್ನಿಗೆ ಒಂದು. ಬ್ಯಾಟರಿ ಟಾರ್ಚಿನ ಭಾರಕ್ಕೆ ಹರಿಯದಂತೆ ಮೂಲೆಗಳಿಗೆ ಇಮ್ಮಡಿ ಹೊಲಿಗೆ.

ಕೊನೆಯದಾಗಿ, ಪ್ರಯೋಗ. ನೂರು ಮಂದಿಗೆ ಕನಿಷ್ಠ ಮೂರು ತಿಂಗಳು ತೊಡಲು ಕೊಡಿ, ಜೊತೆಗೆ ಅದೇ ಬಟ್ಟೆಯನ್ನು 50 ಸಲ ಒಗೆದು ನೋಡಿ. ಆ ನೂರರಲ್ಲಿ ಎಲ್ಲ ಗಾತ್ರದವರೂ ಇರಲಿ, ಅರ್ಧದಷ್ಟಾದರೂ ರಾತ್ರಿ ಹಾರಾಟದಲ್ಲಿ ಹಿಂದಿನ ಗ್ಯಾಲಿ ನೋಡಿಕೊಳ್ಳುವವರಿರಲಿ. ಚೆನ್ನಾಗಿ ಕಾಣುತ್ತದೆಯೇ ಎಂದು ಅವರನ್ನು ಕೇಳಬೇಡಿ. ಎಲ್ಲಿ ಹರಿಯಿತು, ಎಲ್ಲಿ ಕೆರೆಯಿತು, ಕೈ ಎತ್ತಿದಾಗ ಏನು ಮೇಲೆ ಬಂತು, ಹೊಗೆ ಮುಸುಕು ಹಾಕಲು ಎಷ್ಟು ಸೆಕೆಂಡ್ ಹಿಡಿಯಿತು, ಮನೆಗೆ ಬಂದೊಡನೆ ಮೊದಲು ಏನನ್ನು ಬಿಚ್ಚಿದಿರಿ ಎಂದು ಕೇಳಿ.

ಇತಿ,
ಕ್ಯಾಬಿನ್ ಸುರಕ್ಷತೆಯ ತರಬೇತುದಾರ